ಬೂರೆ ರಾತ್ರಿ ಶಾಲೆ ಗಂಟೆ ಕದ್ದವರು ಯಾರು? 95ರ ಬ್ಯಾಚಿನವರೇ, ಈಗಲಾದರೂ ಬಾಯಿ ಬಿಡಿ

ಕೊನೇಬೆಂಚು · ಭಾನುವಾರ ರಾತ್ರಿ 9:12

ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಬರುವಾಗ ಶಾಲೆ ಮುಂದೆ ಗಾಡಿ ನಿಲ್ಲಿಸಿ ಸುಮ್ನೆ ಐದು ನಿಮಿಷ ನಿಂತೆ. ಈಗ ಅಲ್ಲಿ ಕರೆಂಟ್ ಬೆಲ್ ಬಂದಿದೆ. ಆದರೂ ನಮ್ಮ ಕಾಲದ ಗಂಟೆ, ಅದೇ ರೈಲು ಹಳಿಯ ತುಂಡು, ಹಲಸಿನ ಮರದಲ್ಲಿ ಹಾಗೇ ನೇತಾಡುತ್ತಿದೆ. ಅದನ್ನು ಕಟ್ಟಿದ ಸರಪಳಿಯನ್ನು ಕೊಂಬೆ ಅರ್ಧ ನುಂಗಿಬಿಟ್ಟಿದೆ. ಎಳೆದರೂ ಬರುವುದಿಲ್ಲ. ಎಳೆದು ನೋಡಿದೆ.

ಈ ಗಂಟೆ ಕೇಸು ಇನ್ನೂ ಇತ್ಯರ್ಥವಾಗಿಲ್ಲ ಅಲ್ವಾ? 1993ರ ದೀಪಾವಳಿ. ನಾವು ಒಂಬತ್ತನೇ ಕ್ಲಾಸು. ರಜೆ ಮುಗಿಸಿ ಬಂದರೆ ಮರದಲ್ಲಿ ಗಂಟೆ ಇಲ್ಲ, ಕೊಯ್ದ ಹಗ್ಗದ ತುದಿ ಮಾತ್ರ ಇದೆ. ಜವಾನ ತನ್ನ ಊಟದ ತಟ್ಟೆ ಬಡಿದು ಪ್ರಾರ್ಥನೆಗೆ ಕರೆದ. ಆರು ದಿನ ಹೀಗೇ ನಡೆಯಿತು. ಏಳನೇ ದಿನ ಬೆಳಿಗ್ಗೆ ನೋಡಿದರೆ ಗಂಟೆ ತನ್ನ ಜಾಗದಲ್ಲೇ ಇದೆ! ಆದರೆ ಹಗ್ಗದ ಬದಲು ದನ ಕಟ್ಟುವ ಸರಪಳಿ. ಬಡಿಯುವ ಸರಳು ಮಾತ್ರ ವಾಪಸ್ ಬರಲೇ ಇಲ್ಲ.

ಕದ್ದವರು ಯಾರು? ತಂದು ಕಟ್ಟಿದವರು ಯಾರು? ಈಗ ಯಾವ ಮೇಷ್ಟ್ರೂ ಬೆತ್ತ ಹಿಡಿದು ಬರುವುದಿಲ್ಲ. ನಮಗೆಲ್ಲ ನಲವತ್ತೈದು ದಾಟಿದೆ, ಅರ್ಧ ಜನಕ್ಕೆ ಬಿಪಿ ಮಾತ್ರೆ ಶುರುವಾಗಿದೆ. ಗಂಟೆ ಗೊತ್ತಿಲ್ಲದವರು ತಮ್ಮ ತಮ್ಮ ಹಬ್ಬದ ಕಳ್ಳತನವನ್ನಾದರೂ ಬರೆಯಿರಿ.


ವರದಾ ದಂಡೆ · ಭಾನುವಾರ ರಾತ್ರಿ 9:40

ಗಂಟೆ ನಾನಲ್ಲ. ದೇವರಾಣೆ. ಆ ವರ್ಷ ನಮ್ಮ ಗುಂಪು ತರಕಾರಿ ಬಿಟ್ಟು ಬೇರೆ ಏನೂ ಮುಟ್ಟಿಲ್ಲ.


ಹಾಸ್ಟೆಲ್ 7 · ಭಾನುವಾರ ರಾತ್ರಿ 9:46

ಒಂದು ನಿಮಿಷ. ಈ ಬೂರೆ ಅಂದರೆ ಏನು ಅಂತ ನನಗೆ ಆಗಲೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಹಾನಗಲ್ ಕಡೆಯವನು, ದೀಪಾವಳಿಗೆ ಹಾಸ್ಟೆಲ್ ಬೀಗ ಹಾಕಿದರೆ ನಮ್ಮೂರ ಬಸ್ಸು ಹತ್ತುತ್ತಿದ್ದೆ. ಯಾರಾದರೂ ಬಿಡಿಸಿ ಹೇಳಿ.


ವರದಾ ದಂಡೆ · ಭಾನುವಾರ ರಾತ್ರಿ 10:15

ಹೇಳುತ್ತೇನೆ ಕೇಳು. ಸೊರಬ, ಸಾಗರ, ಸಿದ್ದಾಪುರ ಕಡೆ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲ ಹಂಡೆ ತಿಕ್ಕಿ, ಕೆಮ್ಮಣ್ಣು ಜೇಡಿ ಬಳಿದು, ಹಿಂಡ್ಲಕಾಯಿ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಬೆಳಗಿನ ಜಾವದ ಎಣ್ಣೆ ಸ್ನಾನಕ್ಕೆ. ಮನೆಯವರು ಮಲಗಿದ ಮೇಲೆ ಹುಡುಗರು ಬೂರೆ ಹಾಯುತ್ತಾರೆ. ಮೊಗೆಕಾಯಿ, ಸೌತೆಕಾಯಿ, ಎಳನೀರು, ಬಾಳೆಗೊನೆ, ಚೆಂಡುಹೂವು. ಬಾಯಿಗೆ ಬರದ ಸಾಮಾನು ಜಾಗ ಬದಲಾಯಿಸುತ್ತದೆ. ನೇಗಿಲು ಹೋಗಿ ದೇವಸ್ಥಾನದ ಕಟ್ಟೆ ಮೇಲೆ ಕೂರುತ್ತದೆ. ಈ ಮನೆಯ ಬೇಲಿ ದಾರಿಗೆ ಅಡ್ಡ ಹಾಕುವ ಉಣುಗೋಲು ಆ ಮನೆಯ ಅಂಗಳದಲ್ಲಿ ಬಿದ್ದಿರುತ್ತದೆ.

ಆದರೆ ನಮ್ಮ ಗುಂಪಿನಲ್ಲಿ ಕಟ್ಟುನಿಟ್ಟು ಇತ್ತು. ಮನೆಯೊಳಗೆ ಕಾಲಿಡುವಂತಿಲ್ಲ. ದನಕರು ಮುಟ್ಟುವಂತಿಲ್ಲ. ದುಡ್ಡು ಬಂಗಾರದ ಮಾತೇ ಇಲ್ಲ. ಒಂಟಿ ಹೆಂಗಸಿನ ಹಿತ್ತಲಿಗೆ ನುಗ್ಗಿದರೆ ಗುಂಪಿನವರೇ ಒದೆಯುತ್ತಿದ್ದರು. ಆಮೇಲೆ ಮುಖ್ಯವಾದದ್ದು: ಕದ್ದವನ ಹೆಸರು ಹೇಳುವಂತಿಲ್ಲ. ಮಾರನೇ ದಿನ ಮನೆಯವರು ರಸ್ತೆಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ನಾವು ಹೊಸ ಅಂಗಿ ಹಾಕಿಕೊಂಡು ಅವರ ಮುಂದೆಯೇ ಓಡಾಡುತ್ತೇವೆ.

ಈಗ ನನ್ನ ತಪ್ಪೊಪ್ಪಿಗೆ. 1993, ನಾವು ಆರು ಜನ. ಕಗ್ಗತ್ತಲೆ, ಬ್ಯಾಟರಿ ಹಾಕುವ ಹಾಗಿಲ್ಲ. ಮುಂದಾಳು ನಾನೇ. ಗದ್ದೆ ಬದುವಿನಿಂದ ಹತ್ತಿ ಒಂದು ಮಾಡಿನ ಕೆಳಗೆ ಕೈ ಹಾಕಿದೆ. ಮೊಗೆಕಾಯಿಗಳನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಸಾಲಾಗಿ ತೂಗುಹಾಕಿದ್ದರು. ನಾಲ್ಕು ಬಿಚ್ಚಿಕೊಂಡು ಓಡಿದೆವು. ಕಣದ ಹತ್ತಿರ ಬೆಂಕಿಕಡ್ಡಿ ಗೀರಿ ನೋಡಿದರೆ ನನಗೆ ಎದೆ ಧಸಕ್ ಎಂದಿತು. ಆ ಗಂಟು ನಮ್ಮಮ್ಮನ ಗಂಟು! ಬಾಳೆಪಟ್ಟೆಯನ್ನು ಎರಡು ಸುತ್ತು ಸುತ್ತಿ ಕುಣಿಕೆ ಒಳಗಡೆಗೆ ತೂರಿಸುವುದು ಊರಲ್ಲಿ ಅವಳೊಬ್ಬಳೇ. ಕತ್ತಲಲ್ಲಿ ದಾರಿ ತಪ್ಪಿ ಹಿಂದಿನಿಂದ ನಮ್ಮ ಮನೆಗೇ ಬಂದಿದ್ದೆ. ಅದರಲ್ಲಿ ದೊಡ್ಡದು ಬಲೀಂದ್ರನ ಪೂಜೆಗೆ ಎತ್ತಿಟ್ಟ ಕಾಯಿ.

ಗುಂಪಿಗೆ ಹೇಳಿದರೆ ಮರ್ಯಾದೆ ಹೋಗುತ್ತದೆ. ಎಲ್ಲರೂ ಎಳನೀರಿಗೆ ಹೋದಾಗ ಹೊಟ್ಟೆನೋವು ಎಂದು ಹಿಂದೆ ಉಳಿದೆ. ನಮ್ಮದೇ ಮೊಗೆಕಾಯಿಯನ್ನು ನಮ್ಮದೇ ರಾಶಿಯಿಂದ ಕದ್ದು ನಮ್ಮದೇ ಮಾಡಿಗೆ ಕಟ್ಟಿ ಬಂದೆ. ಅಮ್ಮನ ಗಂಟು ಮಾತ್ರ ಬರಲಿಲ್ಲ. ಬೆಳಿಗ್ಗೆ ಅವಳು ಗಂಟು ನೋಡಿದಳು, ನನ್ನ ಮುಖ ನೋಡಿದಳು, ಏನೂ ಅನ್ನದೆ ತಲೆಗೆ ಎಣ್ಣೆ ಹಚ್ಚಿದಳು. ಸ್ವಲ್ಪ ಜೋರಾಗಿಯೇ ತಟ್ಟಿದಳು.


ಮೂರನೇ ಸಾಲು · ಭಾನುವಾರ ರಾತ್ರಿ 10:22

ಅಯ್ಯೋ ಮಾರಾಯ!! ಆ ಹೊಟ್ಟೆನೋವಿಗೆ ನಾನು ನಮ್ಮ ಮನೆಯಿಂದ ಓಮಿನ ಕಾಳು ತಂದು ಕೊಟ್ಟಿದ್ದೆ.


ಹಾಸ್ಟೆಲ್ 7 · ಭಾನುವಾರ ರಾತ್ರಿ 10:50

ನಿಮ್ಮ ಬೂರೆಗೆ ನಮ್ಮ ಕಾಮಣ್ಣ ಉತ್ತರ ಕೊಡುತ್ತಾನೆ. ಹೋಳಿ ಹುಣ್ಣಿಮೆಗೆ ಎಂಟು ದಿನ ಇರುವಾಗಲೇ ನಮ್ಮ ಓಣಿಯಲ್ಲಿ ಹಲಗೆ ಬಾರಿಸುವುದು ಶುರು. ಬಿಸಿಲಲ್ಲಿ ಕಾಯಿಸಿ, ಬೆರಳಲ್ಲಿ ತಟ್ಟಿ, ನಾದ ಬಂತಾ ಎಂದು ಕಿವಿ ಕೊಟ್ಟು ನೋಡುವುದು. ರಾತ್ರಿ ಕುಳ್ಳು ಕಟ್ಟಿಗೆ ಕದಿಯುವುದು. ಕುಳ್ಳು ಅಂದರೆ ನೀವು ಬೆರಣಿ ಅನ್ನುತ್ತೀರಲ್ಲ, ಅದು. "ಕಾಮಣ್ಣನ ಮಕ್ಕಳು, ಕಳ್ಳ ಮಕ್ಕಳು" ಎಂದು ನಮಗೆ ನಾವೇ ಬೈದುಕೊಂಡು ಕೂಗುತ್ತಾ ಹೋಗುವುದು. ನಡುವೆ ಒಂದು ಪದ ಬಿಟ್ಟಿದ್ದೇನೆ, ಎಲ್ಲರಿಗೂ ಗೊತ್ತಿದೆ. ಏನು ಕದ್ದರು, ಯಾತಕ್ಕೆ ಕದ್ದರು ಎಂಬುದಕ್ಕೂ ಆ ಕೂಗಿನಲ್ಲೇ ಉತ್ತರ ಇದೆ. ಜಗತ್ತಿನಲ್ಲಿ ಕೂಗಿ ಹೇಳಿ ಕದಿಯುವ ಕಳ್ಳರು ನಾವೊಬ್ಬರೇ ಇರಬೇಕು.

ನಮ್ಮ ಓಣಿಯ ಕೊನೆಗೆ ಒಬ್ಬ ಅಜ್ಜಿ. ಗೋಡೆಗೆ ತಟ್ಟಿದ ಕುಳ್ಳು ಕಾಯಲು ಬಾಗಿಲಲ್ಲೇ ಹಾಸಿಗೆ ಹಾಸಿಕೊಳ್ಳುತ್ತಿದ್ದಳು. ನಾವು ಹೋದ ಕೂಡಲೇ ತಾನೇ ಎದ್ದು ಎರಡು ಕೊಟ್ಟು, "ಇದು ಕಾಮಣ್ಣನ ಪಾಲು, ಇನ್ನ ನಡೀರಿ" ಅಂದಳು. ತೆಗೆದುಕೊಂಡು ಬಂದೆವು. ದೊಡ್ಡ ಹುಡುಗರು ಬೈದರು. ಕೊಟ್ಟದ್ದು ಲೆಕ್ಕಕ್ಕಿಲ್ಲ, ಕದ್ದದ್ದೇ ಆಗಬೇಕು. ವಾಪಸ್ ಹೋಗಿ ಆ ಎರಡನ್ನು ಅವಳ ತಲೆದಿಂಬಿನ ಹತ್ತಿರ ಇಟ್ಟು, ಗೋಡೆಯಿಂದ ಎರಡು ಕಿತ್ತುಕೊಂಡು ಬಂದೆವು. ಅವಳು ಎಚ್ಚರವಾಗೇ ಇದ್ದಳು ಅಂತ ನನ್ನ ಗುಮಾನಿ. ಕಿತ್ತದ್ದು ಹಸಿ ಇತ್ತು, ಬೆಂಕಿಗೆ ಹಾಕಿದರೆ ಬರೀ ಹೊಗೆ.

ಕಾಮನ ಸುಟ್ಟ ಮೇಲೆ ಬಾಯಿ ಬಾಯಿ ಬಡಿದುಕೊಂಡು ಲಬೋ ಲಬೋ ಅನ್ನುವುದು. ಯಾರು ಜಾಸ್ತಿ ಹೊತ್ತು ಅತ್ತರೋ ಅವರೇ ಹೀರೋ. ನಾನು ಒಂದು ವರ್ಷ ನಿಜವಾಗಿಯೇ ಅತ್ತೆ. ಎದುರು ಮನೆಯವರು ನಮ್ಮ ಕ್ರಿಕೆಟ್ ಬ್ಯಾಟನ್ನೇ ಬೆಂಕಿಗೆ ಹಾಕಿದ್ದರು.


ರಾಣೆಬೆನ್ನೂರು ಪಾರ್ಟಿ · ಭಾನುವಾರ ರಾತ್ರಿ 11:05

ನಿಮ್ಮ ಕಾಮಣ್ಣ ಗೊಂಬೆ. ನಮ್ಮ ಊರಿನ ಕಾಮಣ್ಣನಿಗೆ ಜೀವ ಇದೆ. ಇಬ್ಬರು ಗಂಡಸರು ರತಿ ಕಾಮರ ವೇಷ ಹಾಕಿ ಕೂರುತ್ತಾರೆ. ಸುತ್ತ ಸಾವಿರಾರು ಜನ. ಅವರನ್ನು ನಗಿಸಿದರೆ ಬಹುಮಾನ. ಜೋಕು ಹೇಳುತ್ತಾರೆ, ಕುಣಿಯುತ್ತಾರೆ, ಮಂಗನ ಹಾಗೆ ಹಲ್ಲು ಕಿರಿಯುತ್ತಾರೆ. ಅವರು ಕಲ್ಲಿನ ಹಾಗೆ ಕೂತಿರುತ್ತಾರೆ.

ಅಪ್ಪನಿಗೆ ನಿಮ್ಮೂರಿಗೆ ವರ್ಗ ಆಗಿ ನಾನು ನಿಮ್ಮ ಕ್ಲಾಸಿಗೆ ಬಂದೆನಲ್ಲ, ಸಮಾಜ ಪಾಠದಲ್ಲಿ ನೀವೆಲ್ಲ ಕಿಸಿಕಿಸಿ ನಕ್ಕು ಒದೆ ತಿನ್ನುವಾಗ ನಾನೊಬ್ಬ ಮಾತ್ರ ಗಂಭೀರವಾಗಿ ಇರುತ್ತಿದ್ದೆ. ಚಿಕ್ಕಂದಿನಿಂದ ಮನೆಯಲ್ಲಿ ಅಣ್ಣನ ಜೊತೆ ಅದೇ ಆಟ ಆಡಿ ಅಭ್ಯಾಸ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ.


ಕೊನೇಬೆಂಚು · ಭಾನುವಾರ ರಾತ್ರಿ 11:09

ಓಹೋ! ನಾವು ನೀನು ಬಹಳ ಒಳ್ಳೆ ಹುಡುಗ ಎಂದುಕೊಂಡಿದ್ದೆವಲ್ಲೋ.


ಕರಾವಳಿ ಸೊಸೆ · ಸೋಮವಾರ ಬೆಳಿಗ್ಗೆ 6:30

ಹಾಲು ಕಾಯಿಸುತ್ತಾ ಎಲ್ಲ ಓದಿದೆ. ನನ್ನ ಅತ್ತೆ ಮನೆ ಕುಂದಾಪುರದ ಕಡೆ. ಮದುವೆಯಾಗಿ ಬಂದ ವರ್ಷ ದೀಪಾವಳಿ ಸಂಜೆ ಮಾವ ದೀಪ ಹಿಡಿದು ಗದ್ದೆಗೆ ಇಳಿದರು. "ಹೊಲಿ ಕೊಟ್ರೋ, ಬಲೀಂದ್ರ ದೇವ್ರು ತಮ್ಮ ರಾಜ್ಯಕ್ಕೆ ತಾವೇ ಬಂದ್ರೋ" ಎಂದು ಕರೆದು ಕೊನೆಗೆ "ಕೂ" ಹಾಕಿದರು. ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಆ ಕೂ ಹಬ್ಬಿತು. ಅಷ್ಟು ದೂರದಿಂದ ಯಾರೋ ಕತ್ತಲಲ್ಲಿ ಕೂ ಅಂದದ್ದಕ್ಕೆ ನನಗೆ ತವರು ನೆನಪಾಗಿ ಕಣ್ಣಲ್ಲಿ ನೀರು ಬಂತು. ನಮ್ಮಲ್ಲೂ ಭೂಮಿ ಹುಣ್ಣಿಮೆಗೆ ಹೀಗೇ ಕೂಗುತ್ತಾರಲ್ಲ.

ಆಮೇಲೆ ಬೂರೆ ಯಾಕೆ ಅಂತ ಅರ್ಥ ಆದ ಹಾಗಾಯಿತು. ಮೂರು ದಿನ ರಾಜ್ಯ ಬಲಿಯದು. ಅವನ ರಾಜ್ಯದಲ್ಲಿ ನಿಂದು ನಂದು ಇರಲಿಲ್ಲವಂತೆ, ನಮ್ಮಜ್ಜಿ ಹೇಳುತ್ತಿದ್ದಳು. ಆದ್ದರಿಂದ ಕದ್ದರೂ ಕಳ್ಳತನ ಅಲ್ಲ. ಇಲ್ಲಿಯ ಹುಡುಗರಿಗೆ ಅಷ್ಟಮಿ ರಾತ್ರಿ ಈ ರಿಯಾಯಿತಿ. ಕೃಷ್ಣ ಹುಟ್ಟಿದ ರಾತ್ರಿ ಎಳನೀರು ಇಳಿಸಿದರೆ ಕೇಳುವವರು ಯಾರು?


ಮೂರನೇ ಸಾಲು · ಸೋಮವಾರ ಬೆಳಿಗ್ಗೆ 8:05

ಬಲಿ ರಾಜ್ಯ ಗಿಲಿ ರಾಜ್ಯ ಎಲ್ಲ ಆಮೇಲೆ ಹುಡುಕಿದ ಸಮಜಾಯಿಷಿ. ಹುಡುಗರಿಗೆ ಕದಿಯಬೇಕಿತ್ತು, ದೇವರನ್ನು ಜಾಮೀನಿಗೆ ಕರೆದರು. ಹಬ್ಬದ ಹೊತ್ತಿಗೆ ಮೊಗೆಕಾಯಿ ಹಿತ್ತಲಲ್ಲಿ ಕೊಳೆಯುವಷ್ಟು ಇರುತ್ತಿತ್ತು, ಆದ್ದರಿಂದ ದೊಡ್ಡವರು ಸುಮ್ಮನಿದ್ದರು. ಅಡಿಕೆ ಮುಟ್ಟಿ ನೋಡಬೇಕಿತ್ತು! ಯಾವ ಬಲಿಯೂ ಬಿಡಿಸುತ್ತಿರಲಿಲ್ಲ.

ನನ್ನ ತಪ್ಪೊಪ್ಪಿಗೆ ಚೌತಿಯದು. ಪೆಟ್ಲು ನೆನಪಿದೆಯಾ? ಗೆಣ್ಣಿಲ್ಲದ ಬಿದಿರಿನ ಕೊಳವೆ ಒಂದು ಗೇಣು. ಅದರೊಳಗೆ ಹೋಗುವ ಕಡ್ಡಿ, ಕೊಳವೆಗಿಂತ ಒಂದು ಕಾಯಿಯಷ್ಟು ಗಿಡ್ಡ. ಹಸಿ ಜುಮ್ಮನಕಾಯಿ ಒಂದನ್ನು ಕೊನೆತನಕ ತಳ್ಳಬೇಕು. ಎರಡನೆಯದನ್ನು ಹಿಂದಿನಿಂದ ಹಾಕಿ ಜೋರಾಗಿ ನೂಕಬೇಕು. ಠಪ್! ಮುಂದಿನದು ಹಾರುತ್ತದೆ, ಹಿಂದಿನದು ಅದರ ಜಾಗಕ್ಕೆ ಬಂದು ನಿಲ್ಲುತ್ತದೆ. ಹೊಗೆ ಇಲ್ಲ, ಮದ್ದಿಲ್ಲ, ಆ ಕಾಯಿಯ ಘಾಟು ಮಾತ್ರ. ಶಾಲೆಯ ಗಣಪತಿ ಮುಂದೆ ಭಾಷಣ ನಡೆಯುವಾಗ ಅತಿಥಿಗಳ ಪೇಟಕ್ಕೆ ಹೊಡೆದವನು ನಾನು. ಆ ದಿನ ಇಡೀ ಸಾಲಿಗೆ ಬಸ್ಕಿ ಹೊಡೆಸಿದರು. ಕ್ಷಮೆ ಇರಲಿ.


ಕರಾವಳಿ ಸೊಸೆ · ಸೋಮವಾರ ಬೆಳಿಗ್ಗೆ 8:11

ಹುಡುಗಿಯರಿಗೂ ಬಸ್ಕಿ ಹೊಡೆಸಿದ್ದರು ಪುಣ್ಯಾತ್ಮ. ನೂರು. ಲಂಗದಲ್ಲಿ.


ಚೌತಿ ಚಂದ್ರ · ಸೋಮವಾರ ಮಧ್ಯಾಹ್ನ 1:20

ಈ ವಿಷಯ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಗಂಟೆ ಕದ್ದವನು ಎಂದು ಆರು ದಿನ ಕ್ಲಾಸಿನ ಹೊರಗೆ ನಿಂತವನು ನಾನು. ಅದನ್ನು ಯಾರೂ ಬರೆದಿಲ್ಲವಲ್ಲ? ಅಷ್ಟು ಬೇಗ ಮರೆತಿರಾ?

ನನ್ನ ಹೆಸರು ನೋಡಿ ನಗಬೇಡಿ. ಆ ವರ್ಷ ಚೌತಿ ದಿನ ಗಣಪತಿ ನೋಡಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದೆ. ಹೊಂಡ ತಪ್ಪಿಸಲು ತಲೆ ತಗ್ಗಿಸಿದೆ. ಹೊಂಡದ ನೀರಿನಲ್ಲಿ ಚಂದ್ರ. ಮೇಲೆ ನೋಡಬಾರದು ಎಂದು ಎಚ್ಚರಿಕೆಯಿಂದ ಇದ್ದವನಿಗೆ ಕೆಳಗೆ ಕಾಣಬೇಕೇ? ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವಳು ಶಮಂತಕ ಮಣಿ ಕಥೆ ಹೇಳಿದಳು. ಮಣಿ ಸತ್ರಾಜಿತನದು. ಅವನ ತಮ್ಮ ಪ್ರಸೇನ ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋದ. ಸಿಂಹ ಅವನನ್ನು ಕೊಂದಿತು, ಜಾಂಬವಂತ ಸಿಂಹವನ್ನು ಕೊಂದ, ಮಣಿ ಗುಹೆಯಲ್ಲಿ ಮಗುವಿನ ಆಟಿಕೆಯಾಯಿತು. ಊರವರು ಕೃಷ್ಣನೇ ಕದ್ದ ಅಂದರು. ಕಥೆ ಕೇಳಿದರೆ ದೋಷ ಹೋಗುತ್ತದೆ ಅನ್ನುತ್ತಾರೆ. ನಾನು ಪ್ರಸೇನ ಸಾಯುವಷ್ಟರಲ್ಲಿ ನಿದ್ದೆ ಹೋದೆ.

ಎರಡನೇ ಉಪಾಯ ಯಾರಿಂದಲಾದರೂ ಬೈಸಿಕೊಳ್ಳುವುದು. ಮಾರನೇ ದಿನ ಪಕ್ಕದ ಮನೆ ಹಂಚಿಗೆ ಕಲ್ಲು ಎಸೆದೆ. ಅವರು ಹೊರಗೆ ಬಂದು, "ಪಾಪ, ಚೌತಿ ಚಂದ್ರ ನೋಡಿದಾನೆ, ಎರಡು ಕಡುಬು ಕೊಡ್ರೇ" ಅಂದರು. ಬೈಗುಳ ಸಿಗಲಿಲ್ಲ.

ಆಮೇಲೆ ಪಿ.ಟಿ. ಮೇಷ್ಟ್ರ ಸಾಕ್ಷ್ಯಗಳು. ಒಂದು, ದೀಪಾವಳಿ ರಜೆಗೆ ಮೊದಲು ನಾನು "ಈ ಗಂಟೆ ಬೂರೆಯಲ್ಲಿ ಹೋದರೆ ಸಾಕು" ಎಂದಿದ್ದನ್ನು ಯಾರೋ ಹೇಳಿದ್ದರು. ಎರಡು, ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. "ಗಂಟೆ ಕಾಲ ಮೇಲೆ ಬಿತ್ತಾ?" ಎಂದು ಕೇಳಿದರು. ಎಡವಿದೆ ಅಂದೆ. ಎಲ್ಲಿ ಅಂದರು. ನಾನು ಹೇಳಲಿಲ್ಲ. ಅಲ್ಲಿಗೆ ಮುಗಿಯಿತು.

ಎಲ್ಲಿ ಎಡವಿದೆ ಎಂದು ಈಗಲೂ ಹೇಳುವುದಿಲ್ಲ. ಮೊದಲು ಕದ್ದವರು ಬರಲಿ.


ವರದಾ ದಂಡೆ · ಸೋಮವಾರ ಮಧ್ಯಾಹ್ನ 1:34

ಆ ಮಾತು ಮೇಷ್ಟ್ರಿಗೆ ಹೇಳಿದವನು ನಾನು ಕಣೋ. ಅವರು ಸುಮ್ನೆ ಮಾತಿಗೆ ಕೇಳಿದರು, ನಾನು ಸುಮ್ನೆ ಹೇಳಿಬಿಟ್ಟೆ. ನಿನ್ನನ್ನು ಹೊರಗೆ ನಿಲ್ಲಿಸಿದ ಮೇಲೆ ತಿಳಿಯಿತು. ಆಮೇಲೆ ಹೇಳಲು ಬಾಯಿ ಬರಲಿಲ್ಲ.


ಹಾಸ್ಟೆಲ್ 7 · ಸೋಮವಾರ ಸಂಜೆ 5:10

ವಾತಾವರಣ ಬಿಸಿ ಆಯಿತು. ನಾನು ಸ್ವಲ್ಪ ಜೋಕುಮಾರನನ್ನು ಕರೆತರುತ್ತೇನೆ.

ನಿಮ್ಮ ಗಣಪ ಚೌತಿಗೆ ಬಂದು ಕಡುಬು ತಿಂದು ಹೋಗಿ "ಭೂಮಿಯಲ್ಲಿ ಎಲ್ಲ ಚೆನ್ನಾಗಿದೆ" ಎಂದು ಅಪ್ಪನಿಗೆ ವರದಿ ಕೊಡುತ್ತಾನೆ. ಅದೇ ಭಾದ್ರಪದದ ಅಷ್ಟಮಿಗೆ ನಮ್ಮ ಜೋಕುಮಾರ ಹುಟ್ಟುತ್ತಾನೆ. ಮಣ್ಣಿನ ಮೈ, ದೊಡ್ಡ ಕಣ್ಣು, ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮನೆ ಮನೆ ಮುಂದೆ ಹಾಡುತ್ತಾರೆ. ಇವನು ಪುಂಡ, ಹೆಣ್ಣುಮಕ್ಕಳ ಹಿಂದೆ ಬೀಳುವವನು. ಏಳೇ ದಿನ ಆಯುಷ್ಯ, ಹುಣ್ಣಿಮೆ ರಾತ್ರಿ ಹೊಡೆದು ಸಾಯಿಸುತ್ತಾರೆ. ಅಗಸರ ಬಂಡೆ ಕೆಳಗೆ ಅವನ ಕೊನೆ. ಆದರೆ ಮಳೆ ಇಲ್ಲ, ಜನಕ್ಕೆ ಕೂಳಿಲ್ಲ ಎಂದು ಶಿವನಿಗೆ ನಿಜ ಹೇಳುವವನು ಆ ಪುಂಡನೇ.

ಒಳ್ಳೆ ಹುಡುಗರು ಸತ್ಯ ಹೇಳುವುದಿಲ್ಲ ಎಂದು ಆಗಲೇ ನನಗೆ ಗೊತ್ತಿತ್ತು. ಆದ್ದರಿಂದ ನಾನು ಈ ಕ್ಲಾಸಿನ ಮೊದಲ ಹತ್ತು ರ‍್ಯಾಂಕಿನವರ ಮೇಲೆ ಅನುಮಾನ ಪಡುತ್ತೇನೆ.


ದಾರಹೀರೆ · ಸೋಮವಾರ ರಾತ್ರಿ 11:48

ನಾನು ನಿನ್ನೆಯಿಂದ ಓದುತ್ತಲೇ ಇದ್ದೇನೆ. ಮೂರು ಸಲ ಬರೆದು ಅಳಿಸಿದೆ. ನನ್ನ ರ‍್ಯಾಂಕು ನಾಲ್ಕನೆಯದು.

ಗಂಟೆ ಕದ್ದವಳು ನಾನು.

ನಮ್ಮ ಮನೆ ಶಾಲೆಯ ಬೇಲಿಗೆ ತಾಗಿಯೇ ಇತ್ತಲ್ಲ. ಭೂಮಿ ಹುಣ್ಣಿಮೆಯಲ್ಲಿ ರಾತ್ರಿಯಿಡೀ ಕೂತು ನಮ್ಮ ಮನೆ ಹೆಂಗಸರು ಅಡುಗೆ ಮಾಡಿದ್ದೆವು. ಕಡುಬು, ಚಿತ್ರಾನ್ನ, ನೂರೊಂದು ಕುಡಿಯ ಹಚ್ಚಂಬಲಿ. ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದವಳು ನಾನು. ಬೆಳಗಿನ ಜಾವ ಅಪ್ಪ, ಅಣ್ಣ ಅದನ್ನು ಹೊತ್ತುಕೊಂಡು ಗದ್ದೆಗೆ ಹೊರಟರು. ನಾನೂ ಬರುತ್ತೇನೆ ಅಂದೆ. "ನೀನು ಯಾಕೆ, ಕತ್ತಲು" ಅಂದರು. ದೂರದಿಂದ ಅಣ್ಣ ಅರಚುವುದು ಕೇಳಿಸಿತು: "ಹಚ್ಚಂಬಲಿ, ಹಾಲಂಬಲಿ, ಬೇಲಿ ಮೇಲಿನ ದಾರಹೀರೇಕಾಯಿ... ಹೂಯ್!" ನಾನು ಕೊಯ್ದು ತಂದ ದಾರಹೀರೆಯನ್ನು ಅವನು ಭೂಮ್ತಾಯಿಗೆ ಕೂಗಿ ಕೊಡುತ್ತಿದ್ದ. ಹೊಟ್ಟೆ ಉರಿಯಿತು.

ಎರಡು ವಾರ ಕಳೆದು ಬೂರೆ. ಅಪ್ಪ ಲಾಟೀನು ಹಿಡಿದು ಎಳನೀರು ಕಾಯಲು ತೋಟಕ್ಕೆ ಹೋದ. ಅಣ್ಣ ಬೇರೆಯವರ ಎಳನೀರು ಕದಿಯಲು ಹೋದ. ಮನೆ ಕಾಯಲು ನಾನು, ನನ್ನ ಚಿಕ್ಕಮ್ಮನ ಮಗಳು. ಅವಳಿಗೆ ಆಗ ಹನ್ನೊಂದು ವರ್ಷ. ಬೇಲಿ ಹಾರಿದೆವು.

ಅದು ಅಷ್ಟು ಭಾರ ಇರುತ್ತದೆ ಎಂದು ಗೊತ್ತಿರಲಿಲ್ಲ. ಕತ್ತಿಯಿಂದ ಹಗ್ಗ ಕೊಯ್ದೆ. ಬಿತ್ತು. ಕೆಳಗೆ ಹಲಸಿನ ತರಗೆಲೆ ಇದ್ದದ್ದಕ್ಕೆ ಬಚಾವ್, ಇಲ್ಲದಿದ್ದರೆ ಊರೇ ಪ್ರಾರ್ಥನೆಗೆ ಬರುತ್ತಿತ್ತು. ಹೊರಲು ಆಗಲಿಲ್ಲ. ಕೊನೆಗೆ ಅಡಿಕೆ ಹಾಳೆ ತಂದೆವು. ಚಿಕ್ಕವರಿದ್ದಾಗ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುತ್ತಿದ್ದೆವಲ್ಲ, ಹಾಗೆ ಗಂಟೆಯನ್ನು ಕೂರಿಸಿ ಎಳೆದೆವು. ತಂಗಿ ಅಳುತ್ತಾ ನಗುತ್ತಾ ಬಂದಳು. ಕೊಟ್ಟಿಗೆ ಹಿಂದೆ ದರಕಿನ, ಅಂದರೆ ಒಣ ಎಲೆಯ, ರಾಶಿಯಲ್ಲಿ ಮುಚ್ಚಿಟ್ಟೆವು. ಹಬ್ಬ ಮುಗಿದ ಮೇಲೆ ಒಂದು ರಾತ್ರಿ ಹೋಗಿ ಮರದ ಬುಡದಲ್ಲಿ ಇಟ್ಟು ಬರುವುದು ಎಂದುಕೊಂಡಿದ್ದೆ. ತಂಗಿ ಊರಿಗೆ ಹೋದಳು. ಒಬ್ಬಳೇ ಹೇಗೆ ಎಳೆಯಲಿ?

ಆಮೇಲೆ ನಿನ್ನನ್ನು ಹೊರಗೆ ನಿಲ್ಲಿಸಿದರು. ಕಿಟಕಿ ಪಕ್ಕ ನನ್ನ ಜಾಗ. ಆರು ದಿನ ನೀನು ನನ್ನ ಎದುರಿಗೇ ನಿಂತಿದ್ದೆ. ಹೇಳೋಣ ಎಂದು ಎರಡು ಸಲ ಸ್ಟಾಫ್ ರೂಮಿನ ಬಾಗಿಲ ತನಕ ಹೋದೆ. ಅಪ್ಪನಿಗೆ ಗೊತ್ತಾದರೆ ಓದು ಬಿಡಿಸುತ್ತಾರೆ ಎಂದು ವಾಪಸ್ ಬಂದೆ. ಆರನೇ ದಿನ ರಾತ್ರಿ ಏನಾದರೂ ಆಗಲಿ ಎಂದು ದರಕು ಕೆದಕಿದರೆ ಗಂಟೆ ಇರಲಿಲ್ಲ. ನನಗೆ ಮೂರು ದಿನ ಜ್ವರ ಬಂತು.

ತಪ್ಪಾಯಿತು. ಆಗ ಹೇಳಬೇಕಿತ್ತು.


ಕೊನೇಬೆಂಚು · ಮಂಗಳವಾರ ಬೆಳಿಗ್ಗೆ 6:02

ಎದ್ದು ಕೂತು ಎರಡು ಸಲ ಓದಿದೆ. ಕಾಫಿ ಆರಿಹೋಯಿತು.


ರಾಣೆಬೆನ್ನೂರು ಪಾರ್ಟಿ · ಮಂಗಳವಾರ ಬೆಳಿಗ್ಗೆ 6:40

ನಾವು ಹುಡುಗರು ಸೌತೆಕಾಯಿ ಕದ್ದು ಮೀಸೆ ತಿರುವುತ್ತಿದ್ದೆವು. ಛೆ.


ಚೌತಿ ಚಂದ್ರ · ಮಂಗಳವಾರ ಬೆಳಿಗ್ಗೆ 9:15

ದಾರಹೀರೆ, ನನಗೆ ಗೊತ್ತಿತ್ತು.

ಪಾಡ್ಯದ ರಾತ್ರಿ ಅಂಟಿಗೆ ಪಂಟಿಗೆಯವರ ಜೊತೆ ನಾನೂ ಹೊರಟಿದ್ದೆ. ದೊಡ್ಡವರು ಹಾಡುವವರು. ದೀಪ ಆರದ ಹಾಗೆ ಎಣ್ಣೆ ಗಿಂಡಿ ಹಿಡಿದುಕೊಳ್ಳುವುದು ನನ್ನ ಕೆಲಸ. ನಿಮ್ಮ ಮನೆಗೆ ಬಂದಾಗ ರಾತ್ರಿ ಎರಡು ಗಂಟೆ ಇರಬೇಕು. ನಿನ್ನಮ್ಮ ನಮ್ಮ ದೀಪಕ್ಕೆ ಎಣ್ಣೆ ಎರೆದು, ನಮ್ಮ ದೀಪದಿಂದ ತಮ್ಮ ದೀಪ ಹಚ್ಚಿಕೊಂಡರು. ಆಮೇಲೆ ಹೋಳಿಗೆ ಕೊಟ್ಟರು, ಎರಡು ತಿಂದೆ. ಹಾಡು ಉದ್ದ ಆಯಿತು. ನಾನು ಮೂತ್ರಕ್ಕೆಂದು ಕೊಟ್ಟಿಗೆ ಹಿಂದೆ ಹೋದೆ. ದರಕಿನ ರಾಶಿಗೆ ಕಾಲು ಹಾಕಿದರೆ ಢಣ್ ಎಂದಿತು. ಹೆಬ್ಬೆರಳು ಹೋಯಿತು ಎಂದುಕೊಂಡೆ. ಕೂಗುವಂತಿಲ್ಲ, ಹಾಡು ನಡೆಯುತ್ತಿದೆ. ಏನೋ ಕಬ್ಬಿಣ ಬಿದ್ದಿದೆ ಎಂದು ಕುಂಟುತ್ತಾ ಬಂದೆ.

ಶಾಲೆ ಶುರುವಾಗಿ ಮೇಷ್ಟ್ರು ಉಗುರು ತೋರಿಸಿ ಕೇಳಿದಾಗಲೇ ಹೊಳೆದದ್ದು. ನಾನು ಅಂದುಕೊಂಡದ್ದು ನಿನ್ನಣ್ಣ ಕದ್ದಿದ್ದಾನೆ ಅಂತ. ನಿನ್ನ ಮೇಲೆ ಅನುಮಾನ ಬಂದದ್ದು ಮೂರನೇ ದಿನ. ಕಿಟಕಿಯಿಂದ ನೋಡುತ್ತಿದ್ದೆಯಲ್ಲ, ಹಾಗೆ ಬೇರೆ ಯಾರೂ ನೋಡುತ್ತಿರಲಿಲ್ಲ.

ಹೇಳಬಹುದಿತ್ತು. ಬೂರೆಯ ಹೆಸರು ಹೇಳಬಾರದು ಎಂಬುದು ಒಂದು. ಎರಡನೆಯದು, ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅಜ್ಜಿ ದಿನಾ ಹೇಳುತ್ತಿದ್ದಳು. ಹೋಳಿಗೆ ಎರಡು ತಿಂದಿದ್ದೆನಲ್ಲ.

ಆರನೇ ದಿನ ಸಂಜೆ ಅಜ್ಜಿ ಹತ್ತಿರ ಶಮಂತಕದ ಕಥೆಯನ್ನು ಪೂರ್ತಿ ಕೇಳಿದೆ. ಮೊದಲ ಸಲ ನಿದ್ದೆ ಮಾಡಿ ತಪ್ಪಿಸಿಕೊಂಡ ಭಾಗ ಇತ್ತಲ್ಲ, ಅದರಲ್ಲಿ ಕೃಷ್ಣ ತಾನೇ ಹುಡುಕಿಕೊಂಡು ಹೋಗಿ ಮಣಿ ತಂದು ಕೊಡುತ್ತಾನೆ. ಅದೇ ರಾತ್ರಿ ಊಟ ಆದ ಕೂಡಲೇ ನಮ್ಮ ಕೊಟ್ಟಿಗೆಯಿಂದ ಕರುವಿನ ಸರಪಳಿ ಬಿಚ್ಚಿಕೊಂಡು ಹೊರಟೆ. ಬೇಲಿ ಪಕ್ಕ ನೀವು ಎಳೆದ ಹಾಳೆ ಇನ್ನೂ ಬಿದ್ದಿತ್ತು. ಅದರ ಮೇಲೇ ಎಳೆದೆ. ಮರಕ್ಕೆ ಕಟ್ಟುವಾಗ ಕೈ ನಡುಗುತ್ತಿತ್ತು, ಕಳ್ಳನ ಹಾಗೆ. ಮಾರನೇ ದಿನ ನಮ್ಮ ಕರು ಗದ್ದೆಗೆ ನುಗ್ಗಿ ಅಪ್ಪನಿಂದ ಒದೆ ಬೇರೆ.


ಮೂರನೇ ಸಾಲು · ಮಂಗಳವಾರ ಬೆಳಿಗ್ಗೆ 9:21

ಕೃಷ್ಣನಿಗೆ ಮಣಿ ತಂದದ್ದಕ್ಕೆ ಜಾಂಬವತಿ ಸಿಕ್ಕಳು, ಸತ್ಯಭಾಮೆ ಸಿಕ್ಕಳು. ನಿನಗೆ?


ಚೌತಿ ಚಂದ್ರ · ಮಂಗಳವಾರ ಬೆಳಿಗ್ಗೆ 9:24

ನನಗೆ ಧನುರ್ವಾತದ ಇಂಜೆಕ್ಷನ್ ಸಿಕ್ಕಿತು.


ಕರಾವಳಿ ಸೊಸೆ · ಮಂಗಳವಾರ ಬೆಳಿಗ್ಗೆ 9:30

ಹಹ್ಹಹ್ಹಾ. ಅನ್ನ ಸೀಯಿತು ನಿಮ್ಮಿಂದ.


ವರದಾ ದಂಡೆ · ಮಂಗಳವಾರ ಬೆಳಿಗ್ಗೆ 10:02

ದೀಪಾವಳಿಗೆ ಯಾರ್ಯಾರು ಬರುತ್ತೀರಿ ಹೇಳಿ. ಆ ಸರಪಳಿ ನೋಡಬೇಕು. ನಾನು ಅವನಿಗೆ ಎದುರಿಗೇ ಒಂದು ಮಾತು ಹೇಳಬೇಕು, ಇಲ್ಲಿ ಬರೆದರೆ ಸಾಲದು.


ಕೊನೇಬೆಂಚು · ಮಂಗಳವಾರ ಮಧ್ಯಾಹ್ನ 12:40

ಒಂದು ಬಾಕಿ ಉಳಿಯಿತು. ಬಡಿಯುವ ಸರಳು ಎಲ್ಲಿ?


ದಾರಹೀರೆ · ಮಂಗಳವಾರ ಮಧ್ಯಾಹ್ನ 1:05

ತವರು ಮನೆಯಲ್ಲೇ ಇದೆ. ಅಮ್ಮ ಮೂವತ್ತು ವರ್ಷದಿಂದ ಅದರಲ್ಲಿ ತೆಂಗಿನಕಾಯಿ ಒಡೆಯುತ್ತಿದ್ದಾಳೆ. ಎಲ್ಲಿಂದ ಬಂತು ಎಂದು ಒಂದು ಸಲವೂ ಕೇಳಿಲ್ಲ.

ಈ ಸಲ ಹಬ್ಬಕ್ಕೆ ನಾನು ಅಲ್ಲೇ ಇರುತ್ತೇನೆ. ಬೂರೆ ರಾತ್ರಿ ಅದನ್ನು ತುಳಸಿಕಟ್ಟೆ ಮೇಲೆ ಇಟ್ಟಿರುತ್ತೇನೆ. ಬಂದು ಕದ್ದುಕೊಂಡು ಹೋಗಿ. ಅಪ್ಪನಿಗೆ ಎಂಬತ್ತು ದಾಟಿದೆ, ಈಗಲೂ ಲಾಟೀನು ಹಿಡಿದು ಎಳನೀರು ಕಾಯುತ್ತಾನೆ. ಕಿವಿ ಚೆನ್ನಾಗಿದೆ. ಚಪ್ಪಲಿ ಉಣುಗೋಲಿನ ಹೊರಗೇ ಬಿಟ್ಟು ಬನ್ನಿ.